ಪೀಠವಾದ ಶಾಸನ
(ಸುಂಕಸಾಳದಲ್ಲಿ ಮಾಡಿದ ಭಾಷಣ)



ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ ಬಂದನೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಆ ವನವಾಸವೇ ನಮ್ಮ ಜಿಲ್ಲೆಯ ಬನವಾಸಿಯೆಂಬುದು ವಿದ್ವಾಂಸರ ಮತ. ಆ ಧರ್ಮವು ಕನ್ನಡ ನೆಲದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದನ್ನು ಕಣ್ಣಾರೆ ಕಾಣಬೇಕಾದರೆ ನಾವು ಕಲಬುರಗಿ ಜಿಲ್ಲೆಯ ಭೀಮಾತೀರಕ್ಕೆ ಹೋಗಬೇಕು.

ಅಲ್ಲಿಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಧರ್ಮಲಿಪಿ ಕಂಡಿತು. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಮಹಾಸ್ತೂಪವೊಂದರ ಅವಶೇಷಗಳು ಹೊರಬಂದವು. ಅಲ್ಲಿಯ ಬರಹಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ವೆಂದು ಕರೆಯುತ್ತವೆ. ಅದರ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಜಾತಕಕಥೆಗಳಿವೆ, ಶಾತವಾಹನ ಅರಸರಿದ್ದಾರೆ. ಒಂದರಲ್ಲಿ ‘ರಾಯಾ ಅಸೋಕೋ’ ಎಂಬ ಹೆಸರಿನೊಡನೆ ಅಶೋಕನೇ ನಿಂತಿದ್ದಾನೆ.

ಪೀಠದ ಕಲ್ಲಿನ ಲಿಪಿಗಳಲ್ಲಿ ಒಂದು, ಪರಧರ್ಮವನ್ನು ಹಳಿಯದೆ ಗೌರವಿಸಿರೆಂದು ಬೋಧಿಸುವ ಹನ್ನೆರಡನೆಯ ಶಾಸನ. ವಿಗ್ರಹವನ್ನು ನಿಲ್ಲಿಸಲು ನಡುವೆ ಕುಳಿ ಕೊರೆದುದರಿಂದ ಅದರ ಕೆಲವು ಅಕ್ಷರಗಳು ಅಳಿದುಹೋಗಿವೆ. ಕೊರೆದವರಲ್ಲಿ ದ್ವೇಷವಿತ್ತೆಂದು ನಾವು ಹೇಳಲಾರೆವು; ಆ ಲಿಪಿಯನ್ನು ಓದಬಲ್ಲವರು ಊರಲ್ಲಿ ಉಳಿದಿರಲಿಲ್ಲ.

1956ಕ್ಕೆ ಮುಂಚೆ ಸನ್ನತಿಯು ಹೈದರಾಬಾದಿಗೂ ನಮ್ಮ ಅಂಕೋಲೆಯು ಮುಂಬಯಿಗೂ ಸೇರಿದ್ದವು. ಇಂದು ನಾಡು ಒಂದು. ಆದುದರಿಂದ ಅದರ ಕಲ್ಲುಗಳ ಹೊಣೆಯೂ ಒಂದೇ. ಉಪಾಧ್ಯಾಯರೇ, ಹೊಲದಲ್ಲಾಗಲಿ ಕೆರೆಯ ಕಟ್ಟೆಯಲ್ಲಾಗಲಿ ಅಕ್ಷರವುಳ್ಳ ಕಲ್ಲು ಕಂಡರೆ ಅದನ್ನು ಒಡೆಯಗೊಡದಿರಿ. ಮಕ್ಕಳಿಗೆ ಅದನ್ನು ತೋರಿಸಿರಿ. ಬಲ್ಲವರನ್ನು ಕರೆದು ಓದಿಸಿರಿ.