ನಂದಿಯ ನೀರು ಕೊರೆದ ಕಮರಿ

ಧನುರ್ಮಾಸದ ಚಳಿಯಲ್ಲಿ ಸೂಲಿಬೆಲೆಯಿಂದ ಬಾಡಿಗೆ ಬೊಲೆರೊ ಹತ್ತಿ ಬಾಗೇಪಲ್ಲಿ, ಕದಿರಿ ದಾಟಿದರೆ ಕಡಪ ಜಿಲ್ಲೆಯ ಗಂಡಿಕೋಟೆ. ಬೇಸಿಗೆಯಲ್ಲಿ ಅಲ್ಲಿನ ಬಂಡೆಯ ಮೇಲೆ ನಿಲ್ಲುವುದೇ ಕಷ್ಟ. ಎರ್ರಮಲ ಬೆಟ್ಟಗಳನ್ನು ಸೀಳಿ ಪೆನ್ನಾ ನದಿ ಸುಮಾರು 300 ಅಡಿ ಆಳದ ಕಮರಿ ಕೊರೆದಿದೆ. ಕೆಂಪು ಕಲ್ಲು ಪದರ ಪದರವಾಗಿ ಎದ್ದಿದೆ, ಕೆಳಗೆ ಹಸಿರು ನೀರು. ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಆ ಪೆನ್ನಾ ನಮ್ಮ ಉತ್ತರ ಪಿನಾಕಿನಿಯೇ! ಹುಟ್ಟಿದ್ದು ನಂದಿಬೆಟ್ಟದ ಸಾಲಿನಲ್ಲಿ. ಅದೇ ಸಾಲಿನ ದಕ್ಷಿಣ ಪಿನಾಕಿನಿ ನಮ್ಮ ಹೊಸಕೋಟೆಯತ್ತ ಇಳಿಯುತ್ತಾಳೆ. ಅಕ್ಕ ಬೆಟ್ಟವನ್ನೇ ಕೊರೆದಳು. ತಂಗಿಯ ಪಾತ್ರದಿಂದ ನಾವು ಮರಳು ಎತ್ತಿದೆವು, ಸುತ್ತಲೂ ನೀಲಗಿರಿ ನೆಟ್ಟೆವು. ನನಗಿದು ನೋವಿನ ಸಂಗತಿ. ಗಂಡಿಕೋಟೆಗೆ ಹೊರಟವರು ಮೊದಲು ಒಂದು ಬೆಳಿಗ್ಗೆ ನಮ್ಮೂರ ಕೆರೆಗಳ ರಾಜಕಾಲುವೆಗಳ ಗುಂಟ ನಡೆದು ನೋಡಿ. ಅವುಗಳ ಹೂಳೆತ್ತಲು ಮಳೆಗಾಲದವರೆಗೆ ಸಮಯವಿದೆ.