ಗ್ರಾಂ ಲೆಕ್ಕ, ಚಮಚದ ಅಳತೆ
(ರೋಗಿಗಳ ಬಂಧುಗಳಿಗೆ ನೀಡಿದ ಆರೋಗ್ಯ ತಿಳುವಳಿಕೆ ಭಾಷಣ)



ನಿಮ್ಮ ಪಥ್ಯದ ಚೀಟಿಯಲ್ಲಿ ಉಪ್ಪು 5 ಗ್ರಾಂ, ಎಣ್ಣೆ 15 ಗ್ರಾಂ, ಅಕ್ಕಿ 80 ಗ್ರಾಂ ಎಂದು ಬರೆದಿರುತ್ತದೆ. ಆದರೆ ನಮ್ಮ ಅಡುಗೆಮನೆಯಲ್ಲಿ ತಕ್ಕಡಿ ಇರುವುದಿಲ್ಲ, ಚಮಚ ಮತ್ತು ಲೋಟ ಇರುತ್ತವೆ. ಗ್ರಾಮನ್ನು ಚಮಚಕ್ಕೆ ತರುವುದು ಹೇಗೆಂದು ಇಂದು ತಿಳಿಯೋಣ.

ಹೃದಯದ ತೊಂದರೆಯಿದ್ದ ಹಿರಿಯರೊಬ್ಬರು ಮನೆಗೆ ಹೋದ ಕೆಲವೇ ದಿನಗಳಲ್ಲಿ ಕಾಲು ಬಾವು ಬಂದು ಮರಳಿದರು. "ದಿನಕ್ಕೆ ಒಂದೇ ಚಮಚ ಉಪ್ಪು ಹಾಕೀನ್ರೀ ಸಿಸ್ಟರ್" ಎಂದರು ಅವರ ಸೊಸೆ. ಆ ಚಮಚ ತರಿಸಿ ನೋಡಿದೆ. ಅದು ಪಲ್ಯ ಬಡಿಸುವ ಚಮಚ! ಆಕೆ ಹೇಳಿದ್ದು ಸುಳ್ಳಲ್ಲ, ಅಳತೆ ತಪ್ಪಿತ್ತು.

ಮೊದಲು ನಿಮ್ಮ ಚಮಚವನ್ನು ಪರೀಕ್ಷಿಸಿ. ಔಷಧಿ ಬಾಟಲಿಯ ಅಳತೆ ಮುಚ್ಚಳದಲ್ಲಿ 5 ಮಿ.ಲೀ. ಗೆರೆಯವರೆಗೆ ನೀರು ತುಂಬಿ ಚಮಚಕ್ಕೆ ಸುರಿಯಿರಿ. ಸರಿಯಾಗಿ ತುಂಬಿದರೆ ಅದೇ ನಿಮ್ಮ ಅಳತೆಯ ಚಮಚ. ಅದನ್ನು ಬೇರೆ ಇಡಿ. ಗೋಪುರದಂತೆ ತುಂಬಬೇಡಿ. ಬೆರಳಿನಿಂದ ಮೇಲ್ಭಾಗ ಸವರಿ ಸಮ ಮಾಡಿ.

ಒಂದೇ ಚಮಚದಲ್ಲಿ ಎಲ್ಲ ಪದಾರ್ಥಗಳ ತೂಕ ಒಂದೇ ಅಲ್ಲ. 5 ಮಿ.ಲೀ. ಚಮಚದಲ್ಲಿ ಸುಮಾರು ಇಷ್ಟು ಹಿಡಿಯುತ್ತದೆ:

ಪುಡಿ ಉಪ್ಪು – 5ರಿಂದ 6 ಗ್ರಾಂ
ಎಣ್ಣೆ – ನಾಲ್ಕೂವರೆ ಗ್ರಾಂ
ಸಕ್ಕರೆ – 4 ಗ್ರಾಂ
ಹಿಟ್ಟು – 3 ಗ್ರಾಂ

ಅಂದರೆ 15 ಗ್ರಾಂ ಎಣ್ಣೆಗೆ ಮೂರು ಚಮಚಕ್ಕಿಂತ ತುಸು ಹೆಚ್ಚು. ಆರೋಗ್ಯವಂತರಿಗೂ ದಿನವೊಂದಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಬೇಕು. ವೈದ್ಯರು ಇನ್ನೂ ಕಡಿಮೆ ಹೇಳಿದ್ದರೆ ಅದನ್ನೇ ಪಾಲಿಸಿ. ಹರಳುಪ್ಪಿನ ನಡುವೆ ಸಂದಿ ಇರುವುದರಿಂದ ಚಮಚದ ಲೆಕ್ಕ ಬದಲಾಗುತ್ತದೆ. ಅದನ್ನು ಪುಡಿ ಮಾಡಿ ಅಳೆಯಿರಿ.

ಇನ್ನೊಂದು ಸುಲಭ ಪರೀಕ್ಷೆ ಇದೆ. ನಾಲ್ಕು ಜನರ ಮನೆಗೆ 1 ಕಿಲೋ ಉಪ್ಪು 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ಮೀರಿತೆಂದು ತಿಳಿಯಿರಿ.

ಅಕ್ಕಿಗೆ ಹೀಗೆ ಮಾಡಿ. ಹೊಸ 1 ಕಿಲೋ ಪೊಟ್ಟಣ ಒಡೆದು ನಿಮ್ಮ ಲೋಟದಲ್ಲಿ ಎಣಿಸಿ ಅಳೆಯಿರಿ. ಆರು ಲೋಟವಾದರೆ ಒಂದು ಲೋಟಕ್ಕೆ ಸುಮಾರು 165 ಗ್ರಾಂ. ಆಗ 80 ಗ್ರಾಂ ಅಕ್ಕಿ ಎಂದರೆ ಅರ್ಧ ಲೋಟ. ಇದು ಹಸಿ ಅಕ್ಕಿಯ ಲೆಕ್ಕ, ಅನ್ನದ್ದಲ್ಲ. ರಾಗಿ ಹಿಟ್ಟು, ಜೋಳದ ಹಿಟ್ಟನ್ನು ಬೇರೆಯಾಗಿಯೇ ಎಣಿಸಿ. ಹಿಟ್ಟು ಅಕ್ಕಿಗಿಂತ ಹಗುರ.

ಕೊನೆಯದಾಗಿ ಮಕ್ಕಳ ಮಾತು. ಭೇದಿಯಾದಾಗ ಓ.ಆರ್.ಎಸ್. ಪೊಟ್ಟಣವೇ ಉತ್ತಮ; ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮ ಮಾಡಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಪುಡಿ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಇಲ್ಲಿ ಅಂದಾಜು ಬೇಡ.

ಮನೆಗೆ ಹೊರಡುವ ಮುನ್ನ ನಿಮ್ಮ ಚಮಚ, ಲೋಟ ತಂದು ನಮಗೆ ತೋರಿಸಿ. ಸಂಕೋಚ ಬೇಡ, ಜೊತೆಯಲ್ಲೇ ಅಳೆದು ನೋಡೋಣ. ಎಲ್ಲರಿಗೂ ಬೇಗ ಗುಣವಾಗಲಿ.