ಹಕ್ಕಿನೊಡನೆ ದುರಸ್ತಿಯ ಹೊಣೆ
(ಯುವಜನರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿಯ ಒಡೆತನ, ಗಿರಣಿಯ ಒಡೆತನಗಳ ಪ್ರಶ್ನೆಯನ್ನು ನಾವು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದೇವೆ. ಈ ದಿನ ಇನ್ನೊಂದು ಒಡೆತನದ ಮಾತೆತ್ತಬೇಕಾಗಿದೆ.

ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ಮೂಲಪಾಠವನ್ನು ಗುಟ್ಟಾಗಿಟ್ಟು ಬಳಸುವ ಹಕ್ಕನ್ನು ಮಾತ್ರ ಮಾರುವುದು ಬಂಡವಾಳಗಾರರ ಪದ್ಧತಿ. ಅದರಲ್ಲಿ ತಪ್ಪು ಕಂಡರೆ ಕಂಪೆನಿಗೆ ಅರ್ಜಿ ಹಾಕಿ ಕಾಯಬೇಕೇ ಹೊರತು ಬೇರೆ ದಾರಿಯಿಲ್ಲ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ವ್ಯವಸ್ಥೆಯನ್ನು ಬರೆದು, ಮೂಲಪಾಠವನ್ನು ಎಲ್ಲರ ಮುಂದಿಟ್ಟರು. 1992ರಲ್ಲಿ ಅದಕ್ಕೆ ಜಿಪಿಎಲ್ ಎಂಬ ಪರವಾನಗಿ ಅನ್ವಯವಾಯಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿ ಹಂಚಿದವನು, ಪಡೆದವರಿಗೆ ಅದರ ಮೂಲಪಾಠವನ್ನೂ ಒದಗಿಸಲೇಬೇಕು. ಇಂದು ನಮ್ಮ ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನೊಳಗೆ ದುಡಿಯುತ್ತಿರುವುದೂ ಲಿನಕ್ಸೇ.

ಹಕ್ಕು ದೊರೆತ ಮಾತ್ರಕ್ಕೆ ದುರಸ್ತಿ ತಾನಾಗಿ ಆಗುವುದಿಲ್ಲ. ಕೆರೆಯ ನೀರಿಗೆ ಊರೆಲ್ಲ ಬಂದು, ಹೂಳೆತ್ತುವ ದಿನ ಯಾರೂ ಬಾರದಿದ್ದರೆ ಕೆರೆ ಉಳಿದೀತೇ?

ಲಿನಕ್ಸಿನ ಹೂಳೆತ್ತುವ ಕ್ರಮವನ್ನು ಕೇಳಿರಿ. ದೋಷ ಕಂಡವನು ಅದು ಯಾವ ಯಂತ್ರದಲ್ಲಿ, ಏನು ಮಾಡಿದಾಗ ತಲೆದೋರಿತೆಂಬುದನ್ನು ಮತ್ತೊಬ್ಬರು ಪರೀಕ್ಷಿಸಿ ನೋಡುವಂತೆ ಬರೆಯಬೇಕು. ತಿದ್ದಬಲ್ಲವನು, ತೆಗೆದ ಸಾಲು ಯಾವುದು, ಸೇರಿಸಿದ ಸಾಲು ಯಾವುದು ಎಂದು ತೋರಿಸುವ 'ಪ್ಯಾಚ್' ಸಿದ್ಧಪಡಿಸಬೇಕು. ಒಂದು ಪ್ಯಾಚಿನಲ್ಲಿ ಒಂದೇ ತಿದ್ದುಪಡಿ ಇರಬೇಕು. ಏಕೆ ತಿದ್ದಿತೆಂಬ ವಿವರಣೆಯೂ ಬೇಕು. ಮಕ್ಕಳ ಪುಸ್ತಕ ತಿದ್ದುತ್ತಿದ್ದ ಕಾಲದಿಂದ ನಾವು ಬಲ್ಲೆವು: ಬರಿಯ ಕೆಂಪು ಗೆರೆ ಯಾರಿಗೂ ಏನನ್ನೂ ಕಲಿಸದು. ಇದನ್ನು ಕಳುಹಿಸಲು ತನಗೆ ಹಕ್ಕುಂಟೆಂದು ಕೊನೆಯಲ್ಲಿ ಹೆಸರು ಹಾಕಬೇಕು. ಈ ರುಜುವಿನ ಪದ್ಧತಿ 2004ರಲ್ಲಿ ಬಂದಿತು. ಬಳಿಕ ಆ ವಿಭಾಗದ ಹೊಣೆ ಹೊತ್ತವರು ಬಹಿರಂಗವಾಗಿ ವಿಮರ್ಶಿಸುತ್ತಾರೆ. ಎರಡು ಮೂರು ಬಾರಿ ತಿದ್ದಿ ಬರೆಯಬೇಕಾದರೆ ಅದು ಅವಮಾನವಲ್ಲ. ದೋಷ ತಿಳಿಸಿದವನ ಹೆಸರೂ, ಪರೀಕ್ಷಿಸಿದವನ ಹೆಸರೂ ದಾಖಲೆಯಲ್ಲಿ ಉಳಿಯುತ್ತವೆ.

ಈ ಕ್ರಮವೆಲ್ಲ ನಂಬಿಕೆಯ ಮೇಲೆ ನಿಂತಿದೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಕರನ್ನು ಪರೀಕ್ಷಿಸಲೆಂದು ಬೇಕೆಂದೇ ದೋಷವುಳ್ಳ ಪ್ಯಾಚುಗಳನ್ನು ಕಳುಹಿಸಿದ್ದರು. 2021ರಲ್ಲಿ ಇದು ದೊಡ್ಡ ವಿವಾದವಾಗಿ, ಆ ವಿಶ್ವವಿದ್ಯಾಲಯದಿಂದ ಬರುವ ಪ್ಯಾಚುಗಳನ್ನೇ ತಡೆಯಲಾಯಿತು. ಹಿಂದೆ ಅಲ್ಲಿಂದ ಬಂದಿದ್ದ ನೂರಾರು ಪ್ಯಾಚುಗಳನ್ನು ಮತ್ತೆ ಜಾಲಿಸಬೇಕಾಯಿತು. ಕೆಲವರ ಚೇಷ್ಟೆಗೆ ದುಡಿಮೆಗಾರರ ಕಾಲ ವ್ಯರ್ಥವಾಯಿತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಇಂದು ಲಿನಕ್ಸಿಗೆ ಬರುವ ತಿದ್ದುಪಡಿಗಳಲ್ಲಿ ಹೆಚ್ಚಿನವು ಕಂಪೆನಿಗಳ ಸಂಬಳದಾರರ ಕೆಲಸ. ಸಂಬಳ ಕೊಡುವವನು ತನಗೆ ಲಾಭವಾಗುವ ಭಾಗವನ್ನೇ ಮೊದಲು ದುರಸ್ತಿ ಮಾಡಿಸುವುದು ಸಹಜ. ಬಡ ಶಾಲೆಯ ಹಳೆಯ ಯಂತ್ರದ ದೋಷ ಯಾರ ಕಣ್ಣಿಗೆ ಬೀಳಬೇಕು? ಅದನ್ನು ಬಳಸುವವರೇ ಕಾಣಬೇಕು, ಅವರೇ ಬರೆಯಬೇಕು.

ಆದುದರಿಂದ ಪಾಲಿಟೆಕ್ನಿಕ್ಕಿನಲ್ಲಿ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ತರುಣ ತರುಣಿಯರೇ, ಪುಕ್ಕಟೆ ಸಿಕ್ಕಿತೆಂದು ಬಳಸಿ ಸುಮ್ಮನಾಗಬೇಡಿರಿ. ಒಂದು ದೋಷವನ್ನಾದರೂ ಸ್ಪಷ್ಟವಾಗಿ ತಿಳಿಸಿರಿ, ಶಕ್ತಿಯಿದ್ದರೆ ತಿದ್ದಿರಿ, ತಿದ್ದಿದ್ದನ್ನು ಸಾರ್ವಜನಿಕರಿಗೆ ಮರಳಿ ಒಪ್ಪಿಸಿರಿ. ಒಡೆತನ ಎಲ್ಲರದಾದಲ್ಲಿ ದುಡಿಮೆಯೂ ಎಲ್ಲರದಾಗಬೇಕು.